ಬ್ಯಾಡಗಿ ಕೆಮ್ಮು

ನಮ್ಮ ಮನ್ಯಾಗ ಯಾರರ ಕೆಮ್ಮಿದ್ರ ಯಾರೂ ತಿರುಗಿ ನೋಡೂದಿಲ್ಲ. ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ ಇದ್ದವರ ಮನಿ ಅಂದ್ರ ಹಂಗ. ಸುಗ್ಗಿ ಶುರುವಾತಂದ್ರ ಘಾಟು ಓಣಿ ತುಂಬ್ತೈತಿ. ಮಾವ ಕೆಮ್ಮತಾರ, ಹಮಾಲರು ಕೆಮ್ಮತಾರ, ಬೀಗರು ಬಂದ್ರ ಅವರೂ ಕಣ್ಣೀರ ಒರಸ್ಕೋತನ ಚಹಾ ಕುಡೀತಾರ. ನಮ್ಮತ್ತಿ ಸೋಮವ್ವ ಸೆರಗಿನ ಗಂಟಿನ್ಯಾಗ ಯಾವಾಗ್ಲೂ ಬೆಲ್ಲದ ಚೂರು ಇಟ್ಕೊಂಡಿರ್ತಾರ. ಯಾರರ ಕೆಮ್ಮಿದ್ರ, ಆಡೂ ಮಾತು ನಿಲ್ಲಿಸದನ, ಒಂದು ಚೂರು ಕೈಯಾಗ ಹಾಕ್ತಾರ. ಮುಗೀತು, ಅದ ಔಷಧ.

ನಾ ಹೊಸರಿತ್ತಿಯಿಂದ ಲಗ್ನಾಗಿ ಬಂದ ಹೊಸದರಾಗ ಕೆಮ್ಮಿ ಕೆಮ್ಮಿ ಸುಸ್ತಾಗ್ತಿದ್ದೆ. ಆವಾಗ ಅತ್ತಿ ಅಂದಿದ್ರು, "ನಮ್ಮೂರ ಹೆಸರು ಜಗತ್ತಿಗೆಲ್ಲಾ ಗೊತ್ತೈತಿ. ನಿಮ್ಮೂರ ಹೆಸರು ಬಸ್ಸಿನ ಕಂಡಕ್ಟರಗಷ್ಟ ಗೊತ್ತು. ಇಲ್ಲಿ ಗಾಳಿ ರೂಢಿ ಮಾಡ್ಕೋ." ಆ ಮಾತು ನಾ ಮರ್ತಿಲ್ಲ. ಮರಿಯೂ ಸ್ವಭಾವ ನಂದಲ್ಲ.

ಎರಡು ಸಾವಿರದ ಆರನೇ ಇಸ್ವಿ ಬ್ಯಾಸಗಿ. ನನ್ನ ಮಗ ಮಧುಗ ಎರಡು ವರ್ಷ ತುಂಬಿತ್ತು. ಸುಗ್ಗಿ ಮುಗದು ಪ್ಯಾಟಿ ತಣ್ಣಗಾದ ಮ್ಯಾಲೆ ನಾನ ಹಟಾ ಹಿಡಿದು ಎಲ್ಲಾರನೂ ರೆಸಾರ್ಟಿಗೆ ಹೊಂಡಸಿದ್ದೆ. ರಾಣೆಬೆನ್ನೂರ ಆಚೆ, ಕುಮಾರಪಟ್ಟಣದ ಕಡೆ, ಹೊಳಿ ದಂಡಿಗೆ ಯಾರೋ ಹೊಸದಾಗಿ ಮಾಡಿದ್ರು. ಹೊರಗ ಗುಡಸಲದಂಗ ಕಾಣೂ ಮನಿ, ಒಳಗ ಏಸಿ, ಈಜೂ ಹೊಂಡಾ, ಎತ್ತಿನ ಚಕ್ಕಡಿ ಸವಾರಿ. "ರೊಕ್ಕಾ ಕೊಟ್ಟು ಚಕ್ಕಡಿ ಹತ್ತೂದಾ?" ಅಂತ ನಮ್ಮ ಮಾವ ನಿಜಲಿಂಗಪ್ಪನವರು ದಾರಿಯುದ್ದಕ್ಕೂ ನಕ್ಕೋತ ಬಂದ್ರು. ಬಾಡಿಗಿ ಟ್ರ್ಯಾಕ್ಸ್ ಹೊಡಿಯೂ ಕಾಸೀಮಸಾಬನೂ ಅವರ ಕೂಡ ನಕ್ಕ. ನಗಲಿ ಅಂತ ಸುಮ್ನಿದ್ದೆ. ಕೂಸಿಗೆ ನಾಕ ದಿನಾ ಘಾಟಿಲ್ಲದ ಗಾಳಿ ಸಿಕ್ಕರ ಸಾಕಾಗಿತ್ತು ನನಗ.

ಮರುದಿನ ಮುಂಜಾನೆ ನಮ್ಮ ಮನೆಯವರು, ವಿಜಯಮಹಾಂತೇಶ, ಹೊಂಡದ ಮಗ್ಗಲಕ್ಕ ಹುರದ ಶೇಂಗಾದ ತಾಟು ಇಟ್ಕೊಂಡು ಕುಂತಿದ್ರು. ಮಧು ಬಾಯ್ತುಂಬ ಶೇಂಗಾ ಹಾಕ್ಕೊಂಡಿದ್ದ. ಇವರು ಮಗನ್ನ ಮ್ಯಾಲೆ ತೂರಿ ಹಿಡದ್ರು. ಕೂಸು ಕಿಲಕಿಲ ನಕ್ಕಿತು. ಮತ್ತ ತೂರಿದ್ರು. ಈ ಸಲ ನಗು ಅರ್ಧಕ್ಕ ನಿಂತು ಕೆಮ್ಮು ಬಂತು. ಅಂಥಾ ಕೆಮ್ಮು ನಾ ಬ್ಯಾಡಗಿಯಾಗೂ ಕೇಳಿರ್ಲಿಲ್ಲ. ಮಾರಿ ಕೆಂಪಗಾಗಿ ಕಪ್ಪಗಾತು, ಕಣ್ಣು ಹೊರಗ ಬಂದಂಗಾದ್ವು. ನಾ ಓಡಿ ಬರೂದ್ರಾಗ ಹೆಂಗೋ ಉಸರು ತಗೊಂಡಿದ್ದ. ಅತ್ತಿ ಆಗಲೇ ಸೆರಗು ಬಿಚ್ಚಿ ಅವನ ಬಾಯಿಗೆ ಬೆಲ್ಲಾ ಇಟ್ಟಿದ್ರು.

"ಘಾಟದು. ಎದ್ಯಾಗ ಇನ್ನೂ ಕುಂತಿರ್ತೈತಿ," ಅಂದ್ರು ಮಾವ.

ಇವರು ಮತ್ತೊಂದು ಶೇಂಗಾ ಸುಲಕೊಂಡ್ರು. ಇದ್ದರೂ ಇರಬಹುದು ಅಂತ ನಾನೂ ಸುಮ್ಮನಾದೆ.

ಮಧ್ಯಾಹ್ನ ಊಟಕ್ಕ ಕರದ್ರ ಕೂಸು ಎದ್ದು ಬರಲಿಲ್ಲ. ತೊಡಿ ಮ್ಯಾಲೆ ಹಾಕ್ಕೊಂಡೆ. ಉಸರಿನ್ಯಾಗ ಸಣ್ಣಗ ಸೀಟಿ ಹೊಡದಂಗ ಸಪ್ಪಳ ಬರಾಕತ್ತಿತ್ತು. ಅಂಗಿ ಎತ್ತಿ ಎದಿಗೆ ಕಿವಿ ಹಚ್ಚಿದೆ. ಎಡಕ್ಕ ಗಾಳಿ ಆಡೂದು ಕೇಳ್ತು. ಬಲಕ್ಕ ಹಚ್ಚಿದ್ರ ಏನೂ ಇಲ್ಲ, ಗ್ವಾಡಿಗೆ ಕಿವಿ ಹಚ್ಚಿದಂಗಿತ್ತು. ಮತ್ತ ಎಡಕ್ಕ ಹಚ್ಚಿದೆ, ಮತ್ತ ಬಲಕ್ಕ. ಕೂಸಿನ್ನ ಎತ್ಕೊಂಡು ಆಫೀಸಿಗೆ ಓಡಿದೆ.

ರೆಸಾರ್ಟಿನ ಮ್ಯಾನೇಜರ್ ಔಷಧದ ಡಬ್ಬಿ ತಂದ. ಅದರಾಗ ಹತ್ತಿ, ಟಿಂಚರು, ತಲಿನೋವಿನ ಗುಳಗಿ. "ಇಲ್ಲಿ ಡಾಕ್ಟರ್ ಯಾರೂ ಇಲ್ರಿ. ರಾಣೆಬೆನ್ನೂರಿಗೆ ಹೋಗಬೇಕು," ಅಂದ. ಊಟಾ ಹಂಗ ಬಿಟ್ಟು ಎದ್ವಿ.

ರಾಣೆಬೆನ್ನೂರಾಗ ಸಿಕ್ಕ ಡಾಕ್ಟರ್ ವಯಸ್ಸಾದವರು. ಕೆಟ್ಟ ಮನಷ್ಯಾ ಅಲ್ಲ, ಅದನ್ನ ಈಗ ಹೇಳಬಹುದು. ಮೊದಲ ಕೇಳಿದ್ದು, "ಯಾವೂರು?"

"ಬ್ಯಾಡಗಿರಿ," ಅಂದ್ರು ಮಾವ. ಆ ಹೆಸರು ಹೇಳುವಾಗ ಅವರ ಎದಿ ತಾನ ಉಬ್ಬತೈತಿ.

ಡಾಕ್ಟರಿಗೆ ಅಷ್ಟ ಸಾಕಾತು. "ಮೆಣಸಿನಕಾಯಿ ಧೂಳು. ನಿಮ್ಮೂರಿಂದ ಇದಕ್ಕಂತನ ಎಷ್ಟೋ ಮಂದಿ ಬರ್ತಾರ," ಅಂದು ಸ್ಟೆಥಾಸ್ಕೋಪ್ ಬೆನ್ನಿಗೆ ಮುಟ್ಟಿಸಿದಂಗ ಮಾಡಿ, ಮೂಗಿಗೆ ಮಾಸ್ಕ್ ಹಚ್ಚಿ ಹೊಗಿ ಔಷಧ ಕೊಡಿಸಿದ್ರು.

"ನಾವು ನಿನ್ನೆಯಿಂದ ಹೊಳಿ ದಂಡಿ ಮ್ಯಾಲೆ ಅದೇವ್ರಿ," ಅಂದೆ. "ಅಲ್ಲೆಲ್ಲೈತ್ರಿ ಮೆಣಸಿನಕಾಯಿ?"

"ಒಳಗ ಕುಂತಿರ್ತೈತಿ ತಾಯಿ. ಹೆದರಬ್ಯಾಡ್ರಿ, ಮನಿಗೆ ಕರ್ಕೊಂಡು ಹೋಗ್ರಿ."

"ಮುಂಜಾನೆ ಶೇಂಗಾ ತಿನ್ನುವಾಗ..." ಅನ್ನೂದ್ರಾಗ ಇವರು ನನ್ನ ಭುಜಾ ಒತ್ತಿದ್ರು. "ಡಾಕ್ಟರಗಿಂತ ನೀ ಶಾಣೇಕಿ ಆದೇನು?" ಅಂತ ಕಿವಿಯಾಗ ಅಂದ್ರು. ಬ್ಯಾರೆ ದಿನಾ ಆಗಿದ್ರ ಅಲ್ಲೇ ತಿರುಗಿ ಬೀಳ್ತಿದ್ದೆ. ಅವತ್ತ ಅಂಜಿಕಿ ನನ್ನ ನಾಲಗಿ ಕಟ್ಟಿಹಾಕಿತ್ತು. ಮುಂದಿನ ಪಾಳಿ ಮಂದಿ ಆಗಲೇ ಒಳಗ ಬಂದಿದ್ರು.

"ಸಾಕು ಈ ಮಜಾ. ಸಾಮಾನು ನಾಳಿಗೆ ತರಸೂಣು. ಮನಿಗೆ ಹೊಂಡ್ರಿ," ಅಂದ್ರು ಮಾವ, ಮುಂದಿನ ಸೀಟಿನ್ಯಾಗ ಕುಂತು.

ಹೈವೇ ಅಗಲ ಮಾಡಾಕತ್ತಿದ್ರು. ಕಂಡಕಂಡಲ್ಲೆ ರೋಡು ಅಗದು, ಗಾಡಿ ಕೆಳಗ ಮಣ್ಣಿನ ದಾರಿಗೆ ಇಳಿಸ್ತಿದ್ರು. ಟ್ರ್ಯಾಕ್ಸ್ ಜಿಗದಾಗೊಮ್ಮೆ ಕೂಸು ಕಣ್ಣು ತೆರೀತಿತ್ತು. ಅಳ್ತಿರ್ಲಿಲ್ಲ. ಅಳಾಕ ಉಸರು ಬೇಕಲ್ಲ. ಪ್ರತಿ ಉಸರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಗ ಜಗ್ಗತಿತ್ತು. ತುಟಿ ನೋಡಿದ್ರ ನೇರಳಿಹಣ್ಣು ತಿಂದವರಂಗ ಆಗಿದ್ವು. ಇವ ನನ್ನ ತೊಡಿ ಮ್ಯಾಲೆನ ಹೋಗ್ತಾನ ಅನ್ನಿಸ್ತು.

ಮೋಟೆಬೆನ್ನೂರು ಕ್ರಾಸ್ ಬಂತು. ಎಡಕ್ಕ ಹೊಳ್ಳಿದ್ರ ಬ್ಯಾಡಗಿ, ಸೀದಾ ಹೋದ್ರ ಹಾವೇರಿ.

"ಕಾಸೀಮ, ಹೊಳ್ಳಸು. ನಮ್ಮ ಡಾಕ್ಟರ್ ಕೂಸಿನ್ನ ಹುಟ್ಟಿದಾಗಿಂದ ನೋಡ್ಯಾರ," ಅಂದ್ರು ಮಾವ.

"ಬ್ಯಾಡ," ಅಂದೆ. ಮಾವಾರ ಎದುರಿಗೆ ನಾ ಹಂಗ ಅಂದಿದ್ದು ಅದ ಮೊದಲು. "ಊರಾಗ ಕಾಲಿಟ್ಟ ಕೂಡ್ಲೆ ಘಾಟು ಅಂತಾರ. ಯಾರೂ ಇವನ ಎದಿ ಕೇಳೂದಿಲ್ಲ. ಕಾಸೀಮಣ್ಣ, ಹಾವೇರಿಗೆ ನಡೀರಿ. ಹೊಳ್ಳಸಿದ್ರ ನಾ ಇಲ್ಲೇ ಇಳದು, ಕೂಸಿನ್ನ ಹೊತ್ಕೊಂಡು ರೋಡಿನ್ಯಾಗ ನಿಂದರತೇನಿ."

ಕಾಸೀಮಸಾಬ ಗಾಡಿ ನಿಲ್ಲಿಸಿದ. ಮಾವ ಹಿಂದ ಹೊಳ್ಳಿ ನನ್ನ ನೋಡಿದ್ರು. ಇವರು ಮಧುನ ತುಟಿ ನೋಡಾಕತ್ತಿದ್ರು, ಆವಾಗಿಂದ ಅವನ್ನ ಸರಿಯಾಗಿ ನೋಡಿರ್ಲಿಲ್ಲ ಅನ್ನೂಹಂಗ.

"ಹಾವೇರಿಗೆ ನಡಿ ಕಾಸೀಮ," ಅಂದ್ರು ಇವರು. ಅಪ್ಪನ ಮಾರಿ ನೋಡಲಿಲ್ಲ.

ಹಾವೇರಿಯಾಗೂ ಮೊದಲ ಊರ ಕೇಳ್ತಾರ ಅನ್ನೂ ಚಿಂತಿ ನನಗ ಹತ್ತಿತ್ತು. ಊರ ಹೆಸರು ಹೇಳಿದ್ರ ಮುಗೀತು, ಮತ್ತ ಅದ ಮಾಸ್ಕು, ಅದ ಹೊಗಿ, ಅದ 'ಮನಿಗೆ ಹೋಗ್ರಿ'. ಅಷ್ಟು ಹೊತ್ತು ಕೂಸಿನ ಕಡೆ ಇರ್ಲಿಲ್ಲ.

ಹಾವೇರಿ ಡಾಕ್ಟರ್ ಹೆಣ್ಣಮಗಳು, ವಯಸ್ಸಿನ್ನೂ ಸಣ್ಣದು. "ಯಾವೂರು?" ಅಂದ್ರು.

ಮಾವ ಬಾಯಿ ತಗದ್ರು. "ಹೊಸರಿತ್ತಿರಿ," ಅಂದುಬಿಟ್ಟೆ. "ಒಕ್ಕಲತನಾ ಮಾಡತೇವಿ."

ಮಾವಾರ ಬಾಯಿ ತಗದಿದ್ದು ಹಂಗ ಉಳೀತು. ಅತ್ತಿ ನನ್ನನ್ನ ನೋಡಿದ್ರು. ಯಾರೂ ಇಲ್ಲ ಅನ್ನಲಿಲ್ಲ.

"ಮೊದಲಿಂದ ಕೆಮ್ಮು ಐತೇನು?"

"ಇಲ್ರಿ. ಇವತ್ತ ಮುಂಜಾನಿಂದ."

"ಅವಾಗ ಏನ ತಿನ್ನಾಕತ್ತಿದ್ದ?"

ಇಡೀ ದಿನಾ ಆ ಒಂದು ಪ್ರಶ್ನೆಗೆ ಕಾದಿದ್ದೆ. ಕಣ್ಣಾಗ ನೀರು ಬಂದ್ವು. "ಶೇಂಗಾರಿ. ತಿನ್ಕೋತ ನಗಾಕತ್ತಿದ್ದ."

ಆಕಿ ಕುರ್ಚಿ ಬಿಟ್ಟು ಎದ್ರು. ಎಡಕ್ಕ ಕೇಳಿದ್ರು, ಬಲಕ್ಕ ಕೇಳಿದ್ರು, ನಾ ಮಾಡಿದಂಗ ಮತ್ತ ಎಡಕ್ಕ, ಮತ್ತ ಬಲಕ್ಕ. ಆಕ್ಸಿಜನ್ ಹಚ್ಚಿಸಿ ಎಕ್ಸ್‌ರೇ ತಗಿಸಿದ್ರು. "ಶೇಂಗಾ ಇದರಾಗ ಕಾಣೂದಿಲ್ಲ," ಅಂದ್ರು, "ಆದ್ರ ಈ ಬಲಗಡೆ ನೋಡ್ರಿ, ಒಳಗ ಹೋದ ಗಾಳಿ ಹೊರಗ ಬರವಲ್ದು. ಕಾಳು ಉಸರಿನ ನಳಗಿಯೊಳಗ ಸಿಕ್ಕೊಂಡೈತಿ. ಗಂಟಲದಿಂದ ಒಳಗ ಇಳಿಸಿ ತಗಿಯೂ ದುರ್ಬೀನು ನಮ್ಮ ಕಡೆ ಇಲ್ಲ. ಹುಬ್ಬಳ್ಳಿಗೆ ಹೇಳ್ತೇನಿ, ಅಂಬುಲೆನ್ಸಿನ್ಯಾಗ ಈಗ ಹೊಂಡ್ರಿ. ಬಾಯಿಗೆ ಏನೂ ಹಾಕಬ್ಯಾಡ್ರಿ, ನೀರು ಸೈತ. ಬೆನ್ನು ಬಡೀಬ್ಯಾಡ್ರಿ. ಕಾಳು ಜಾಗಾ ಬಿಟ್ಟು ಸರದು ಅಡ್ಡ ನಿಂತ್ರ ಎರಡೂ ಕಡೆ ಬಂದ್ ಆಗ್ತೈತಿ."

ಅಂಬುಲೆನ್ಸಿನ್ಯಾಗ ನಾನು, ಅತ್ತಿ, ಕೂಸು, ಒಬ್ಬಾಕಿ ನರ್ಸ್. ಗಂಡಸರು ಹಿಂದ ಟ್ರ್ಯಾಕ್ಸಿನ್ಯಾಗ. ಗಾಡಿ ಕುಕ್ಕಿದಾಗೊಮ್ಮೆ ಕಾಳು ಸರೀತೇನೋ ಅಂತ ಜೀವಾ ಹಿಡಕೊಂಡು ಕುಂತಿದ್ದೆ. ಒಂದು ಕಡೆ ಮಧು ಸಣ್ಣಗ ಕೆಮ್ಮಿದ. ಅತ್ತಿ ಕೈ ತಾನಾಗೆ ಸೆರಗಿನ ಗಂಟಿಗೆ ಹೋತು. ಗಂಟು ಮುಟ್ಟಿದ್ದಷ್ಟ, ಬೆಂಕಿ ಮುಟ್ಟಿದವರಂಗ ಕೈ ಹಿಂದಕ್ಕ ತಗೊಂಡ್ರು. ಆಮ್ಯಾಲೆ ಹುಬ್ಬಳ್ಳಿ ಬರೂತನಕ ಎರಡೂ ಕೈ ತೊಡಿ ಕೆಳಗ ಇಟ್ಕೊಂಡು ಕುಂತ್ರು.

ದವಾಖಾನಿ ಬಾಗಲದಾಗ ಸ್ಟ್ರೆಚರ್ ಹಿಡಕೊಂಡು ಒಬ್ಬ ಡಾಕ್ಟರ್ ಓಡಿ ಬಂದ. "ಯಾವೂರವರು? ಏನಾಗೈತಿ?"

ನನಗ ದನೀನ ಹೊಂಡಲಿಲ್ಲ. ಕೂಸಿನ ಕೈ ನನ್ನ ಕೈಯಾಗ ತಣ್ಣಗಾಗಿತ್ತು.

"ಹೊಸರಿತ್ತಿ," ಅಂದ್ರು ಅತ್ತಿ. ಬ್ಯಾಡಗಿಯಾಗ ಹುಟ್ಟಿ, ಬ್ಯಾಡಗಿಯಾಗ ಲಗ್ನಾಗಿ, ಬ್ಯಾಡಗಿ ಬಿಟ್ಟು ಬ್ಯಾರೆ ಊರನ್ನ ಊರ ಅಂತ ಲೆಕ್ಕಕ್ಕ ಹಿಡೀದ ಸೋಮವ್ವ. "ಹೊಸರಿತ್ತಿಯವರ್ರಿ ನಾವು. ಘಾಟಲ್ಲ, ಧೂಳಲ್ಲ. ಶೇಂಗಾ ಹೋಗೈತಿ. ಬಲಕ್ಕ. ಲಗೂ ತಗೀರಿ ನಮ್ಮಪ್ಪಾ, ಕಾಲಿಗೆ ಬೀಳ್ತೇನಿ."

ದವಾಖಾನಿಯವರು ಕೂಸಿನ್ನ ಒಳಗ ಒಯ್ದು ಬಾಗಲಾ ಹಾಕ್ಕೊಂಡ್ರು. ಹೊರಗಿನ ಬೆಂಚಿನ ಮ್ಯಾಲೆ ಅತ್ತಿ ನನ್ನ ಕೈ ಹಿಡಕೊಂಡ್ರು. ಅಷ್ಟರಾಗ ಟ್ರ್ಯಾಕ್ಸಿನ್ಯಾಗಿಂದ ಮಾವ, ಇವರೂ ಬಂದು ಮುಟ್ಟಿದ್ರು.

ಬಾಗಲಾ ತೆರೆದಾಗ ಆ ಡಾಕ್ಟರನ ಕೈಯಾಗ ಸ್ಟೀಲಿನ ಬಟ್ಟಲಿತ್ತು. ಅದರಾಗ ಅರ್ಧ ಶೇಂಗಾಕಾಳು, ನೀರು ಕುಡದು ಉಬ್ಬಿತ್ತು. "ಇದ ನೋಡ್ರಿ," ಅಂದ. ಇವರು ಅದನ್ನ ಒಮ್ಮೆ ನೋಡಿ, ಗ್ವಾಡಿ ಕಡೆ ಮಾರಿ ಮಾಡಿ ಅತ್ರು. ನನಗ ಅವರ ಮ್ಯಾಲೆ ಇದ್ದ ಸಿಟ್ಟು ಅಲ್ಲೇ ಇತ್ತು, ಆದ್ರ ಆಡಿ ತೋರಿಸೂ ತ್ರಾಣ ಇರ್ಲಿಲ್ಲ.

ಮಧು ಎಚ್ಚರಾದಾಗ ತುಟಿಗೆ ಬಣ್ಣ ಬಂದಿತ್ತು. ಕಣ್ಣು ತೆರೆದು, ನನ್ನ ನೋಡಿ, ಸಣ್ಣಗ ಕೆಮ್ಮಿದ. ಮಾವ, ಇವರು ಇಬ್ಬರೂ ದಡಕ್ಕನೆ ಎದ್ದು ನಿಂತ್ರು. ಅತ್ತಿ ಸೆರಗಿನ ಗಂಟು ಹಿಡಕೊಂಡು ನನ್ನ ಮಾರಿ ನೋಡಿದ್ರು.

"ಕೊಡ್ಲೇನವಾ?" ಅಂತ ಕೇಳಿದ್ರು. ನಮ್ಮ ಮನ್ಯಾಗ ಯಾರರ ನನ್ನನ್ನ ಕೇಳಿ ಏನರ ಮಾಡಿದ್ದು ಅವತ್ತ ಮೊದಲು.

"ಈಗ ಬ್ಯಾಡ್ರಿ ಅತ್ತಿ," ಅಂದೆ.

ಅವರು ಗಂಟು ಬಿಟ್ಟು ನನ್ನ ಮಗ್ಗಲಕ್ಕ ಕುಂತ್ರು. ಕೂಸು ಮತ್ತೊಮ್ಮೆ ಕೆಮ್ಮಿತು. ಎಲ್ಲಾರೂ ತಿರುಗಿ ನೋಡಿದ್ವಿ.