ಗೌರಮ್ಮನ ಸ್ಟೀರಿಂಗು

ಮೆಕ್ಯಾನಿಕ್ ತಿಪ್ಪಣ್ಣ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಸ್ಟೀರಿಂಗನ್ನು ಎದೆಯತ್ತ ಎಳೆದ. ಅದು ಅಲುಗಲಿಲ್ಲ. ಹಾರ್ನಿನ ಗುಂಡಿ ಕಳಚಿ, ಒಳಗಿನ ದೊಡ್ಡ ನಟ್ಟು ಸಡಿಲಿಸಿ, ಸಂದಿಗೆ ಎಣ್ಣೆ ಬಿಟ್ಟು ಅರ್ಧ ಗಂಟೆಯಾಗಿತ್ತು. ಮೂವತ್ತು ವರ್ಷದ ತುಕ್ಕು ಚಕ್ರವನ್ನೂ ಅದರ ಕಂಬಿಯನ್ನೂ ಒಂದೇ ಮಾಡಿಬಿಟ್ಟಿತ್ತು.

"ಇನ್ನೂ ಬರ್ಲಿಲ್ವಾ?" ಶಾಮಿಯಾನದ ಕಡೆಯಿಂದ ಗೌರಮ್ಮನ ತಮ್ಮ ಕೆಂಪರಾಜು ಬಂದ. "ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಎತ್ಬೇಕು."

"ಮೊಂಡು ಹಿಡ್ದಿದೆ ಅಣ್ಣ. ಜೋರಾಗಿ ಹೊಡೆದ್ರೆ ಸೀಳೋಗುತ್ತೆ."

"ಹಂಗಾದ್ರೆ ಬಿಡು. ಸ್ಟೀರಿಂಗ್ ಇಟ್ಟು ಮಣ್ಣು ಮಾಡಿರೋದು ಎಲ್ಲಾದ್ರೂ ಕೇಳಿದ್ಯಾ?"

"ಕೆಂಪರಾಜು," ಕಾರಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಗೌರಮ್ಮನ ಗಂಡ ಗಂಗಾಧರಯ್ಯ ದನಿ ಬಂದತ್ತ ಮುಖ ತಿರುಗಿಸಿದರು. ಸಕ್ಕರೆ ಕಾಯಿಲೆ ಅವರ ಕಣ್ಣು ಕಿತ್ತುಕೊಂಡು ಹತ್ತು ವರ್ಷವಾಗಿತ್ತು. "ನಿಮ್ಮಕ್ಕನ ಜೊತೆ ಎಲೆಅಡಿಕೆ ಇಡ್ತೀರಲ್ಲ, ಅವಳು ಒಂದಿನಾನೂ ಬಾಯಿಗೆ ಹಾಕ್ದೋಳಲ್ಲ. ಇದನ್ನ ದಿನಾ ಹಿಡ್ಕೊಂಡಿದ್ಲು."



ನಿನ್ನೆ ಸಂಜೆ ಗೌರಮ್ಮ ಕಾರನ್ನು ಗೇಟಿನೊಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಂಡನನ್ನು ಕೈ ಹಿಡಿದು ಇಳಿಸಿದ್ದಳು. "ಒಂಚೂರು ಸುಸ್ತು" ಎಂದು ಜಗುಲಿಗೆ ಒರಗಿದವಳು ಮತ್ತೆ ಏಳಲಿಲ್ಲ.

ಮಗಳು ಅರ್ಪಿತ ಒಳಗಿಂದ ಬಂದಳು.

"ಬೇಡ ಕಣಪ್ಪ. ಅಮ್ಮನ ಗಾಡಿ ಅಂತ ಇರೋದು ಇದೊಂದೇ. ನಾನು ಓಡಿಸ್ತೀನಿ. ನಿನ್ನನ್ನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."

"ಹೋಗೋಣ ಮಗಾ. ತಿಪ್ಪಣ್ಣ ಬೇರೆ ಚಕ್ರ ಹುಡುಕಿ ಹಾಕ್ತಾನೆ."

"ಇದೇ ಇದ್ರೆ ಏನು?"

ಗಂಗಾಧರಯ್ಯ ತಡವರಿಸಿ ಅವಳ ಕೈ ಹಿಡಿದರು. "ಅವಳ ಬಳೆ ಇದಕ್ಕೆ ತಾಕಿ ಸದ್ದಾಗೋದು. ಎಡಕ್ಕೆ ತಿರುಗ್ತಿದ್ದೀವಾ, ಬಲಕ್ಕಾ, ಎಲ್ಲಾ ನಂಗೆ ಅದರಲ್ಲೇ ತಿಳೀತಿತ್ತು. ಅದೇ ಚಕ್ರದ ಪಕ್ಕ ಕೂತ್ಕೊಂಡು ಆ ಸದ್ದಿಲ್ದೆ... ನನ್ನ ಕೈಲಿ ಆಗಲ್ಲಮ್ಮ."

*

ಹತ್ತು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಬನಶಂಕರಿ ಮೂರನೇ ಹಂತದ ಹೊಸ ರಸ್ತೆಗಳಲ್ಲಿ ಇನ್ನೂ ಮನೆಗಳೆದ್ದಿರಲಿಲ್ಲ. ಗಂಗಾಧರಯ್ಯನವರ ರಾಗಿ ಹೊಲವೂ ಆ ಬಡಾವಣೆಗೆ ಸೇರಿಹೋಗಿತ್ತು. ಅಲ್ಲೇ ಅವರು ಹೆಂಡತಿಗೆ ಡ್ರೈವಿಂಗ್ ಕಲಿಸಿದ್ದು. ಅಷ್ಟು ಹೊತ್ತಿಗೆ ಅವರಿಗೆ ಕಾಣುತ್ತಿದ್ದುದು ಬರೀ ಬೆಳಕು, ನೆರಳು. ಗೌರಮ್ಮನಿಗೆ ನಲವತ್ನಾಲ್ಕು ವರ್ಷ. ಕಾಲು ಪೆಡಲಿಗೆ ಎಟುಕಲೆಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿದ್ದರು.

"ಮುಂದೆ ಏನಿದೆ?"

"ಎಮ್ಮೆ."

"ಎಷ್ಟು ದೂರ?"

"ಹತ್ತು ಮಾರು."

"ನಿಂತಿದ್ಯಾ, ನಡೀತಿದ್ಯಾ?"

"ನಿಂತ್ಕೊಂಡು ನನ್ನೇ ನೋಡ್ತಿದೆ."

"ಬ್ರೇಕ್ ಒತ್ತು."

ಅವಳು ಆಕ್ಸಿಲರೇಟರ್ ಒತ್ತಿದಳು. ಎಮ್ಮೆಗೆ ಬುದ್ಧಿಯಿತ್ತು, ಪಕ್ಕಕ್ಕೆ ಸರಿಯಿತು. ಕಾರು ಮರಳ ಗುಡ್ಡೆಗೆ ಓರೆಯಾಗಿ ಮೂತಿ ತೂರಿಸಿ ನಿಂತಿತು.

"ಏನಾಯ್ತೇ?"

"ಏನಿಲ್ಲ. ನಿಲ್ಸಿದೆ."

ಗಂಗಾಧರಯ್ಯ ಕೈ ಚಾಚಿ ಕಿಟಕಿಯಿಂದ ಹೊರಗೆ ತಡವಿದರು. ಬೆರಳಿಗೆ ಮರಳು ಸಿಕ್ಕಿತು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೊರಟರು. ಲೈಸೆನ್ಸ್ ಪರೀಕ್ಷೆಗೆ ನಿಂತ ಗಂಡಸರ ಸಾಲಿನಲ್ಲಿ ಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಎರಡನೇ ಸಲಕ್ಕೆ ಪಾಸಾದಳು. ಆಮೇಲೆ ಜಯನಗರದ ಡಾಕ್ಟರ ಹತ್ತಿರಕ್ಕೆ, ನೆಂಟರ ಮದುವೆಗಳಿಗೆ, ಕೆಲವು ಭಾನುವಾರ ಸುಮ್ಮನೆ ಉತ್ತರಹಳ್ಳಿಯ ತನಕ, ಅವಳೇ ಓಡಿಸಿದಳು. ದಾರಿಯುದ್ದಕ್ಕೂ ಯಾವ ಮನೆ ಎದ್ದಿತು, ಯಾವ ಮರ ಬಿತ್ತು ಎಂದು ಹೇಳುತ್ತಿದ್ದಳು.

*

ಅರ್ಪಿತ ಕಣ್ಣೊರೆಸಿಕೊಂಡು ಕಾರಿನ ಬಾಗಿಲಿಗೆ ಬಂದಳು.

"ಏಳು ತಿಪ್ಪಣ್ಣ. ನಾನು ಎಳೀತೀನಿ, ನೀನು ಮೇಲಿಂದ ಹೊಡಿ."

"ನಟ್ಟು ಪೂರ್ತಿ ಬಿಚ್ಚಿಲ್ಲ ಅಕ್ಕ, ಎರಡು ಸುತ್ತು ಹಿಡ್ಕೊಂಡಿದೆ. ಪೂರ್ತಿ ಬಿಚ್ಚಿದ್ರೆ ಚಕ್ರ ಬಿಟ್ಕೊಂಡ ತಕ್ಷಣ ಮುಖಕ್ಕೆ ಹೊಡೆಯುತ್ತೆ. ಎಡಕ್ಕೊಂದ್ಸಲ, ಬಲಕ್ಕೊಂದ್ಸಲ ಆಡಿಸ್ತಾ ಎಳೀರಿ."

ಸೀಟು ಅಮ್ಮನ ಅಳತೆಗೇ ಇತ್ತು. ಎತ್ತರದ ಅರ್ಪಿತ ಒಳಗೆ ತೂರಿಕೊಂಡಾಗ ಅವಳ ಮೊಣಕಾಲುಗಳು ತಾವಾಗಿಯೇ ಚಕ್ರದ ಅಡಿಗೆ ಒತ್ತಿಕೊಂಡವು. ಕೈಯಿಂದ ಎಳೆದಳು, ಮೊಣಕಾಲಿನಿಂದ ದೂಡಿದಳು. ತಿಪ್ಪಣ್ಣ ನಟ್ಟಿನ ಮೇಲೆ ಹಿತ್ತಾಳೆಯ ತುಂಡಿಟ್ಟು ಸುತ್ತಿಗೆಯಿಂದ ತಟ್ಟತೊಡಗಿದ. ಶಾಮಿಯಾನದ ಕೆಳಗಿನ ಹೆಂಗಸರು ಅಳು ನಿಲ್ಲಿಸಿ ಇತ್ತ ನೋಡಿದರು. ಕೆಂಪರಾಜು ಗಡಿಯಾರ ನೋಡಿದ. ಆಮೇಲೆ ಅದನ್ನು ಬಿಟ್ಟು, ಇನ್ನೊಂದು ಬಾಗಿಲಿನಿಂದ ಬಗ್ಗಿ ಚಕ್ರದ ಒಂದು ಬದಿ ಹಿಡಿದ.

"ಅಕ್ಕನ ಹಂಗೇ ಹಟ ಇದಕ್ಕೂ," ಎಂದ. ಅಲ್ಲಿಯವರೆಗೆ ಅಳದಿದ್ದವನು ಆಗ ಅತ್ತುಬಿಟ್ಟ.

ಟಕ್ ಎಂದಿತು. ಅರ್ಪಿತ ಸೀಟಿಗೆ ಬಿದ್ದಳು.

ತಿಪ್ಪಣ್ಣ ನಟ್ಟು ಬಿಚ್ಚಿ, ಚಕ್ರವನ್ನು ಹೊರತೆಗೆದು, ತನ್ನ ಅಂಗಿಯಿಂದಲೇ ಎಣ್ಣೆ ಒರೆಸಿ ಗಂಗಾಧರಯ್ಯನವರ ಕೈಗೆ ಕೊಟ್ಟ. ಅವರು ಅಂಚಿನ ಉದ್ದಕ್ಕೂ ಬೆರಳಾಡಿಸಿದರು. ಎರಡು ಬದಿಯಲ್ಲಿ ಕಪ್ಪು ಪ್ಲಾಸ್ಟಿಕ್ಕು ಸವೆದು ನುಣ್ಣಗಾಗಿತ್ತು; ಅದರ ಕೆಳಗೆ ಬಳೆಗಳು ಗೀಚಿದ ಸಣ್ಣ ಸಣ್ಣ ಗೆರೆಗಳಿದ್ದವು. ಅವರ ಬೆರಳು ಅಲ್ಲೇ ಬಹಳ ಹೊತ್ತು ನಿಂತಿತು. ಯಾರೂ ಅವಸರಪಡಿಸಲಿಲ್ಲ.

ರಾಹುಕಾಲಕ್ಕೆ ಹತ್ತು ನಿಮಿಷವಿದ್ದಾಗ ಎತ್ತಿದರು.

ಉತ್ತರಹಳ್ಳಿಯಾಚೆ ಅವರ ಮನೆತನದವರನ್ನು ಮಣ್ಣು ಮಾಡುವ ಜಾಗವಿತ್ತು. ವ್ಯಾನಿನೊಳಗೆ ಗಂಗಾಧರಯ್ಯ ಹೆಂಡತಿಯ ತಲೆಯ ಹತ್ತಿರ, ಸ್ಟೀರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎದುರಿನ ಬೆಂಚಿನಲ್ಲಿ ಅರ್ಪಿತ ಇದ್ದಳು. ವ್ಯಾನು ಇಟ್ಟಮಡು ದಾಟಿತು.

ಚಿಕ್ಕಲಸಂದ್ರದ ಹತ್ತಿರ ಅಪ್ಪನ ಕೈಗಳು ಚಕ್ರವನ್ನು ಎಡಕ್ಕೆ ತಿರುಗಿಸಿದ್ದನ್ನು ಅರ್ಪಿತ ನೋಡಿದಳು. ಮರುಕ್ಷಣ ವ್ಯಾನು ಎಡಕ್ಕೆ ತಿರುಗಿತು. ಆ ರಭಸಕ್ಕೆ ಗೌರಮ್ಮನ ತಲೆ ಹೂವಿನ ನಡುವೆ ತುಸು ಜಾರಿತು. ಗಂಗಾಧರಯ್ಯ ಒಂದು ಕೈಯಲ್ಲಿ ಅದನ್ನು ಮೆಲ್ಲಗೆ ಹಿಡಿದುಕೊಂಡರು. ಇನ್ನೊಂದು ಕೈ ಸ್ಟೀರಿಂಗನ್ನು ನಿಧಾನವಾಗಿ ನೇರಕ್ಕೆ ತರುತ್ತಿತ್ತು.