ಮೂರನೆಯ ಗೈರುಹಾಜರಿ

"ಚೀಟಿ ಇದ್ರೆ ದೊಡ್ಡ ಮನುಷ್ಯನೇನೋ? ಗುಂಡಿ ಆ ಕಡೆ ಇದೆ, ಹೋಗೋ ಮುಂಡೇಮಗನೆ," ಎಂದು ಕುಡಿತ ಬಿಡಿಸುವ ಆಸ್ಪತ್ರೆಯ ಕಾವಲುಗಾರ ನನ್ನ ಭಾವನನ್ನು ಗದರಿದ.

ಚೀಟಿಯಲ್ಲಿ ಹತ್ತೂವರೆಗೆ ಡಾಕ್ಟರನ್ನು ಕಾಣಬೇಕೆಂದು ಬರೆದಿತ್ತು. ಹಿಂದಿನ ಎರಡು ಸಲ ಮೇಸ್ತ್ರಿ ಕೆಲಸ ಬಿಟ್ಟು ಹೋಗಗೊಟ್ಟಿರಲಿಲ್ಲ. ಮೂರನೆಯದೂ ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ, ಮಾತ್ರೆ ನಿಲ್ಲುತ್ತದೆ. ಭಾವ ಇಪ್ಪತ್ತೆರಡು ದಿನದಿಂದ ಹನಿ ಮುಟ್ಟಿರಲಿಲ್ಲ. ಅದನ್ನೇ ನಂಬಿ ಅಕ್ಕ ಮಕ್ಕಳೊಂದಿಗೆ ವಾಪಸು ಬಂದಿದ್ದಳು. ಇವತ್ತು ಇದೇ ಆಸ್ಪತ್ರೆಯ ಕಕ್ಕಸಿನ ಗುಂಡಿ ಕಟ್ಟಿಕೊಂಡಿದೆ, ಇಳಿದು ತೆಗೆಯಬೇಕು ಎಂದು ಮೇಸ್ತ್ರಿ ಹೇಳಿದಾಗ, ಕೆಲಸದ ಜೊತೆಗೆ ಡಾಕ್ಟರನ್ನೂ ಕಾಣಬಹುದೆಂದು ಅವನಿಗೆ ಖುಷಿಯೋ ಖುಷಿ.

ಮೇಸ್ತ್ರಿಗೆ ಅವಸರ. ಒಳಗೆ ದೊಡ್ಡವರ ಸಭೆಯಿತ್ತು. ಹೇಳಿದ ದಿನ ಕುಡುಕರು ಚಿಕಿತ್ಸೆಗೆ ಯಾಕೆ ಬರುವುದಿಲ್ಲ ಎಂಬುದೇ ವಿಷಯ. ಇಳಿಯುವ ಮುಂಚೆ ಕುಡಿ ಎಂದು ಮೇಸ್ತ್ರಿ ಸಾರಾಯಿ ಪಾಕೀಟು ಚಾಚಿದ. ಗ್ಲೌಸ್ ಒಮ್ಮೆಯೂ ಕೊಡಿಸದವನು ಇದೊಂದರಲ್ಲಿ ಧಾರಾಳಿ. ಭಾವ ಕೈ ಹಿಂದೆ ಕಟ್ಟಿಕೊಂಡ, ಕುಡಿಯದೆಯೇ ಇಳಿದ. ಹದಿನೆಂಟು ವರ್ಷದಲ್ಲಿ ಆ ನಾತ ಅವನಿಗೆ ಸರಿಯಾಗಿ ತಿಳಿದದ್ದು ಅವತ್ತೇ. ಎರಡು ಸಲ ವಾಂತಿ ಮಾಡಿಕೊಂಡ. ನಾನು ಮೇಲೆ ಹಗ್ಗ ಹಿಡಿದು ನಿಂತಿದ್ದೆ.

ಅವನು ಕುತ್ತಿಗೆಯವರೆಗೆ ಮುಳುಗಿದ್ದಾಗ ಕಿಟಕಿಯೊಳಗೆ ನರ್ಸ್ ಅವನ ನಂಬರು ಕೂಗಿದಳು. ಇಲ್ಲೇ ಕೆಳಗಿದ್ದಾನೆ ಎಂದು ನಾನೂ ಕೂಗಿದೆ. ಅವಳು ಇನ್ನೆರಡು ಸಲ ನಂಬರು ಕರೆದಳು, ಆಮೇಲೆ ಬಂದಿಲ್ಲ ಅಂತ ಬರೆಯಿರಿ ಎಂದು ಗುಮಾಸ್ತನಿಗೆ ಹೇಳಿದಳು. ಹಗ್ಗ ಜಗ್ಗಿ ಭಾವನನ್ನು ಮೇಲೆಳೆದೆ, ವಿಷಯ ಹೇಳಿದೆ.

ಕುತ್ತಿಗೆಯಿಂದ ಕಾಲಿನವರೆಗೂ ಹೊಲಸು ಸುರಿಯುತ್ತಿದ್ದ ಅವನನ್ನು ಕಂಡು ಕಾವಲುಗಾರ ತಾನಾಗಿಯೇ ದಾರಿ ಬಿಟ್ಟ. ಗುಮಾಸ್ತ ಮೂಗು ಮುಚ್ಚಿಕೊಂಡು, ಬರೆದಾಯಿತು, ಇನ್ನು ಹೋಗು ಎಂದ. ಮೇಸ್ತ್ರಿ ಹಿಂದಿನಿಂದ ಓಡಿಬಂದು, ಕೆಲಸ ಅರ್ಧಕ್ಕೇ ಬಿಟ್ಟನೆಂದು ಭಾವನ ಅಪ್ಪ-ಅಮ್ಮನನ್ನೆಲ್ಲ ಎಳೆದು ಬೈಯತೊಡಗಿದ.

"ನೀವು ಕರೆದಾಗ ನಾನು ನಿಮ್ಮ ಹೇಲಲ್ಲೇ ನಿಂತಿದ್ದೆ," ಎಂದ ಭಾವ. "ಬಂದಿದ್ದಾನೆ ಅಂತ ಬರೀರಿ. ಬರೆಯೋವರೆಗೂ ಇಳಿಯಲ್ಲ."

ಅಷ್ಟು ಹೇಳಿ ರೋಗಿಗಳ ಬೆಂಚಿನ ಮೇಲೆ ಕೂತ. ನಾನು ಹಗ್ಗ ಸುತ್ತಿಟ್ಟು ಪಕ್ಕದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಕಕ್ಕಸಿನಿಂದ ನೀರು ಉಕ್ಕಿತು. ಕಾರಿಡಾರಿನುದ್ದ ಹರಿದು ಸಭೆಯ ಬಾಗಿಲಡಿ ನುಗ್ಗಿತು. ಈ ಜನಕ್ಕೆ ಜವಾಬ್ದಾರಿಯೇ ಇಲ್ಲ ಎನ್ನುತ್ತಿದ್ದ ಮೈಕು ನಿಂತು, ಕುರ್ಚಿಗಳ ಸದ್ದು ಕೇಳಿತು. ಗುಮಾಸ್ತ ರಿಜಿಸ್ಟರನ್ನು ಎದೆಗವಚಿಕೊಂಡು ಎರಡೂ ಕಾಲು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡ. ಪೆನ್ನು ಮಾತ್ರ ಇನ್ನೂ ಕೈಗೆತ್ತಿಕೊಂಡಿರಲಿಲ್ಲ.

"ನಿಧಾನಕ್ಕೆ ಬರೀರಿ ಸ್ವಾಮಿ," ಎಂದ ಭಾವ. "ನಂಗೇನೂ ಅವಸರ ಇಲ್ಲ."