ಹೊಸ್ತಿಲ ಬಳಿಯ ಲೋಟ

ಬಂಗಾರಪೇಟೆಯಲ್ಲಿ ರೈಲು ಬದಲಿಸುವಾಗಲೇ ಶ್ಯಾಮಲಾಳ ಅಂಗಾಲು ಬೆವರತೊಡಗಿತ್ತು. ಊರಿಗಾಂ ದಾಟುವಷ್ಟರಲ್ಲಿ ಅವಳು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಅವಳು ಎಂಟು ವರ್ಷದವಳಿದ್ದಾಗ ಅಪ್ಪ ಚಿನ್ನದ ಗಣಿಯೊಳಗೆ ಬಂಡೆ ಸಿಡಿದು ಸತ್ತ. ಅಂದಿನಿಂದ ಅಮ್ಮ ಮುತ್ಯಾಲಮ್ಮ ಸಂಜೆಯಾದರೆ ಸ್ಟೀಲ್ ಲೋಟದ ತುಂಬ ನೀರು ತುಂಬಿ ಹೊಸ್ತಿಲ ಬಳಿ ಇಡುತ್ತಿದ್ದಳು. "ನೀರ್ಗೆ ನಮಗಿಂತ ಮುಂಚೆ ಭಯ ಆಗ್ತದೆ" ಎನ್ನುತ್ತಿದ್ದಳು. ನೀರು ಅಲುಗಿದರೆ ಮಗಳನ್ನೆಳೆದುಕೊಂಡು ಬೀದಿಗೆ ಓಡುವುದು. ಗಣಿ ಮುಚ್ಚಿತು, ಆದರೆ ಆಳದಲ್ಲಿ ಬಂಡೆ ಸಿಡಿದು ನೆಲ ಅದುರುವುದು ನಿಲ್ಲಲಿಲ್ಲ, ಲೋಟವೂ ಹೋಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಶ್ಯಾಮಲಾ ಬೀಗ ಹಾಕಿ, ಒಂದು ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟು, ಊರೂರು ಅಲೆಯಲು ಹೊರಟುಬಿಟ್ಟಳು. ಪುರಿಯ ಛತ್ರದಲ್ಲಿ ಅನ್ನ ಬಡಿಸಿದಳು, ಗೊತ್ತಿಲ್ಲದ ಭಾಷೆಗಳಲ್ಲಿ ಜಗಳವಾಡಿದಳು. ಹೋದಲ್ಲೆಲ್ಲ ಮಲಗುವ ಮುನ್ನ ಲೋಟ ಇಡುತ್ತಿದ್ದಳು. ವರ್ಷ ಕಳೆದ ಮೇಲೆ, ಭೂಕಂಪಕ್ಕೆ ಇಡೀ ಊರೇ ಒಮ್ಮೆ ಕುಸಿದಿದ್ದ ಭುಜ್‌ನಲ್ಲಿ, ಬೆಳಿಗ್ಗೆ ಎದ್ದು ನೋಡಿದರೆ ಲೋಟ ಚೀಲದಲ್ಲೇ ಇತ್ತು. ಇಡುವುದೇ ಮರೆತುಹೋಗಿತ್ತು! ಮೊದಲು ನಕ್ಕಳು, ಆಮೇಲೆ ಅತ್ತಳು. ಆ ವಾರವೇ ಊರಿಗೆ ಟಿಕೆಟ್ ತೆಗೆಸಿದಳು. ಲೋಟವಿಲ್ಲದೆ ಆ ಮನೆಯಲ್ಲಿ ಒಂದು ರಾತ್ರಿ ಮಲಗಬೇಕು. ಸಾಧ್ಯವಾದರೆ ಅಲ್ಲೇ ಉಳಿಯುವುದು. ಆಗದಿದ್ದರೆ ತನ್ನ ಬೀಗದಕೈಯನ್ನೂ ಪಕ್ಕದ ಮನೆಗೆ ಕೊಟ್ಟು, ಇನ್ನೆಂದೂ ಬರದಂತೆ ಹೋಗಿಬಿಡುವುದು.

ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲಿನಲ್ಲಿ ಅವಳ ಲೈನ್ ಮನೆಯ ಬಾಗಿಲು ಆಗಲೇ ತೆರೆದಿತ್ತು. ಪಕ್ಕದ ಮನೆಯ ಅಕ್ಕಯ್ಯಮ್ಮ ಪೊರಕೆ ಹಿಡಿದು ನಿಂತಿದ್ದಳು.

"ಬಂದ್ಯೇನೇ? ದೇಶಾನೆಲ್ಲ ಸುತ್ತಿ ಕರ್ರಗಾಗೋಗಿದ್ದೀಯಲ್ಲೇ! ಯಾವೂರಲ್ಲೂ ಗಂಡು ಸಿಗ್ನಿಲ್ವಾ?"

"ಸಿಕ್ಕಿದ್ದ ದೊಡ್ಡಮ್ಮ. ರೈಲು ಅತ್ತೋವಷ್ಟ್ರಲ್ಲಿ ತಪ್ಪಿಸ್ಕೊಂಡ."

"ನಿನ್ನ ಬಾಯಿಗಿಷ್ಟು ಮಣ್ಣಾಕ! ನೋಡು, ನಿಮ್ಮಮ್ಮ ಇಡ್ತಿದ್ದಂಗೇ ಇಟ್ಟಿದ್ದೀನಿ. ನೀನಿಲ್ದಾಗ್ಲೂ ದಿನಾ ಇಟ್ಟೆ."

ಹೊಸ್ತಿಲ ಬಳಿ ಸ್ಟೀಲ್ ಲೋಟ. ಕಂಠದವರೆಗೆ ನೀರು.

ಅಕ್ಕಯ್ಯಮ್ಮ ಹೋದ ಮೇಲೆ ಶ್ಯಾಮಲಾ ಅದರೆದುರು ಮೊಣಕಾಲೂರಿದಳು. ಎತ್ತಿ ಚೆಲ್ಲಬೇಕೆಂದರೆ ಕೈ ಮುಂದಾಗಲಿಲ್ಲ. ನೀರು ಸುಮ್ಮನಿತ್ತು. ಅದು ಸುಮ್ಮನಿದ್ದಷ್ಟೂ ಅವಳು ಅದರತ್ತ ಬಾಗಿದಳು. ಸಾವಿರಾರು ಅಡಿ ಕೆಳಗಿನ ಗಣಿಯ ಕತ್ತಲು ಈ ಒಂದು ಲೋಟದ ಮೂಲಕ ತನ್ನನ್ನೇ ದಿಟ್ಟಿಸುತ್ತಿದೆ ಅನ್ನಿಸಿತು. ಆಗ ನೀರಿನ ಅಂಚಿನಲ್ಲಿ ಬಳೆಯಂಥ ಸಣ್ಣದೊಂದು ಅಲೆ ಮೂಡಿತು. ಮತ್ತೊಂದು. ನಡುಗುತ್ತಿದ್ದದ್ದು ನೆಲವೋ, ನೆಲಕ್ಕೂರಿದ ಅವಳ ಮೊಣಕಾಲೋ? ಎಷ್ಟು ನೋಡಿದರೂ ತಿಳಿಯಲಿಲ್ಲ. ಅಮ್ಮನಿಗಾದರೂ ಅಷ್ಟು ವರ್ಷ ತಿಳಿದಿತ್ತೇ?

ಬಾಯಿ ಒಣಗಿತ್ತು. ಎರಡೂ ಕೈಯಲ್ಲಿ ಲೋಟವೆತ್ತಿ ಗಟಗಟನೆ ಕುಡಿದುಬಿಟ್ಟಳು.

ಕತ್ತಲಾಗುವ ಹೊತ್ತಿಗೆ ನೆಲ ನಿಜವಾಗಿಯೇ ಗುಡುಗಿತು. ಗೂಡಿನ ತಟ್ಟೆಗಳು ಗಲಗಲ ಎಂದವು, ಹೆಂಚಿನಿಂದ ಮಣ್ಣು ಉದುರಿತು. ಅವಳು ಬರಿಗಾಲಲ್ಲಿ ಬೀದಿಗೆ ಹಾರಿದಳು. ಇಡೀ ಲೈನೇ ಅಲ್ಲಿ ನಿಂತಿತ್ತು, ಅಕ್ಕಯ್ಯಮ್ಮ ಕೈಯಲ್ಲಿ ಸೌಟು ಹಿಡಿದು.

"ಲೋಟ ನೋಡಿ ಓಡ್ಬಂದ್ಯಾ?"

"ಇಲ್ಲ ದೊಡ್ಡಮ್ಮ. ನೀರು ಕುಡ್ದುಬಿಟ್ಟೆ."

"ಕುಡ್ದುಬಿಟ್ಯಾ! ಮತ್ತೆಂಗೆ ಗೊತ್ತಾಯ್ತೇ?"

"ನಿಂಗೆಂಗೆ ಗೊತ್ತಾಯ್ತೋ ಅಂಗೇ."

ಯಾರೋ ನಕ್ಕರು. ಅಕ್ಕಯ್ಯಮ್ಮ ನಗಲಿಲ್ಲ. "ಇನ್ನೊಂದ್ಲೋಟ ತುಂಬ್ಕೊಡ್ಲಾ?"

"ಬ್ಯಾಡ."

ಶ್ಯಾಮಲಾ ಒಳಗೆ ಹೋಗಿ ಲೋಟ ತೊಳೆದು ಗೂಡಿನಲ್ಲಿ ಬೋರಲು ಹಾಕಿದಳು. ಎದೆ ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಚಾಪೆ ಹಾಸಿ ಮಲಗಿದಳು. ಬಾಗಿಲನ್ನು ಮಾತ್ರ ಅರ್ಧ ತೆರೆದೇ ಇಟ್ಟಳು.